ಮಂಜುಕೋಟೆಯ ಸೈನಿಕರ ಸಂಘ

ಬೆಟ್ಟಗಳಿಗೂ ಕಿವಿ ಕೇಳಿಸುತ್ತಿದ್ದ ಕಾಲವೊಂದಿತ್ತು. ಆಗ ಶೃಂಗಾವತಿ ಎಂಬ ರಾಜ್ಯವನ್ನು ಧವಳಾಂಗನೆಂಬ ರಾಜ ಆಳುತ್ತಿದ್ದ. ರಾಜ್ಯದ ಬಡಗಣ ಗಡಿಯಲ್ಲಿ ಮಂಜುಕೋಟೆ. ಕೋಟೆಯಾಚೆಯ ಜೌಗಿನಲ್ಲಿ ಹೊಗೆಯ ಮೈಯ ತೋಳಗಳು ಅಲೆಯುತ್ತಿದ್ದವು. ಅವು ಊರಿಗೆ ನುಗ್ಗದಂತೆ ಇನ್ನೂರು ಸೈನಿಕರು ಕಾವಲು ನಿಂತಿದ್ದರು.

ಅವರ ದಂಡನಾಯಕ ಉಗ್ರಾಕ್ಷ ದೊಡ್ಡ ಮಾಂತ್ರಿಕ. ಸೈನಿಕರು ಒಟ್ಟಾಗಿ ಏನಾದರೂ ಕೇಳುವುದೆಂದರೆ ಅವನಿಗೆ ಆಗದು. ಅದಕ್ಕೇ ರಾಜ್ಯದ ಸೈನಿಕರೆಲ್ಲರ ಮೇಲೆ ಒಂದು ಮಂತ್ರ ಹಾಕಿದ್ದ. ಸೈನಿಕನು ತನ್ನ ಕಷ್ಟವನ್ನು 'ನಾನು' ಎಂದು ಹೇಳಿಕೊಳ್ಳಬಹುದು. 'ನಾವು' ಎಂದರೆ ನಿಂತಲ್ಲೇ ಕಲ್ಲಾಗುತ್ತಾನೆ.

ಒಬ್ಬೊಬ್ಬನೇ ಹೋಗಿ ಕೇಳಿದರೆ ಉಗ್ರಾಕ್ಷ ನಗುತ್ತಿದ್ದ. "ಉಳಿದವರಿಗಿಲ್ಲದ ನೋವು ನಿನಗೊಬ್ಬನಿಗೇನೋ?" ಎನ್ನುತ್ತಿದ್ದ. ಕೇಳಿದವನನ್ನು ಜೌಗಿನ ಅಂಚಿನ ಕಾವಲಿಗೆ ಹಾಕುತ್ತಿದ್ದ. ಸೈನಿಕರ ಕಾಲು ನೀರಿನಲ್ಲಿ ಕೊಳೆಯುತ್ತಿತ್ತು. ಜ್ವರ ಬಂದವನೂ ಈಟಿ ಹಿಡಿದು ನಿಲ್ಲಬೇಕಿತ್ತು. ಮನೆಗೆ ಹೋಗಿಬರಲು ರಜೆಯೆಂಬುದೇ ಇರಲಿಲ್ಲ.

ಆ ಸೈನಿಕರಲ್ಲಿ ದುಗ್ಗಣ್ಣ ಒಬ್ಬ. ಅಳೆದು ತೂಗಿ ಮಾತಾಡುವವನು, ಸ್ವಲ್ಪ ಪುಕ್ಕಲ. ಒಂದು ಬೆಳಗ್ಗೆ ಅವನ ಪಕ್ಕದಲ್ಲಿದ್ದ ಗೆಳೆಯ ಮಾಳಿಂಗನು ಜ್ವರದಿಂದ ಕುಸಿದವನೊಬ್ಬನನ್ನು ಎತ್ತಿ ಹಿಡಿದು, "ಮೂರು ದಿನವಾಯಿತು, ನಾವು ಕಣ್ಣೇ ಮುಚ್ಚಿಲ್ಲವಲ್ಲ!" ಎಂದುಬಿಟ್ಟ. ಮಾತು ಮುಗಿಯುವಷ್ಟರಲ್ಲಿ ಅವನ ತೆರೆದ ಬಾಯಿ ಕಲ್ಲಾಯಿತು. ಚಾಚಿದ ಕೈ ಕಲ್ಲಾಯಿತು. ದುಗ್ಗಣ್ಣ ಆ ಕೈ ಮುಟ್ಟಿ ನೋಡಿದ. ಇನ್ನೂ ಬೆಚ್ಚಗಿತ್ತು, ಆಮೇಲೆ ತಣ್ಣಗಾಯಿತು.

ಅಂದು ದುಗ್ಗಣ್ಣ ಗಂಜಿ ಮುಟ್ಟದೆ ಮಾಳಿಂಗನ ಕಾಲ ಬಳಿ ಕೂತ. ಎಲ್ಲರಿಗಿಂತ ಹಿರಿಯನಾದ ಬೀರಜ್ಜ ಅವನ ಹತ್ತಿರ ಬಂದ.

"ಮಗಾ, ನೀನು ರಾಜನ ಹತ್ತಿರ ಹೋಗು. ನನ್ನ ಮಾತನ್ನು ನೀನು ಆಡು," ಎಂದ.

"ನಾನಾ? ನನ್ನ ಕೈಲಾಗದು ಅಜ್ಜಾ."

"ನೀನು ದುಡುಕುವವನಲ್ಲ. ಅದಕ್ಕೇ ಹೇಳುತ್ತಿದ್ದೇನೆ." ಬೀರಜ್ಜ ಅವನ ಭುಜದ ಮೇಲೆ ಕೈಯಿಟ್ಟ.

ಹಿಂದಿನಿಂದ ಇನ್ನೊಬ್ಬ ಬಂದು ಭುಜ ಮುಟ್ಟಿದ. "ನನ್ನ ಮಾತನ್ನೂ." ಅವನ ಹಿಂದೆ ಮತ್ತೊಬ್ಬ. "ನನ್ನ ಮಾತನ್ನೂ." ಇಡೀ ಕೋಟೆ ಸಾಲಾಗಿ ಬಂತು. ಕೊನೆಯವನು ಮುಟ್ಟಿ ಹೋಗುವಷ್ಟರಲ್ಲಿ ದುಗ್ಗಣ್ಣನ ಭುಜ ನೋಯುತ್ತಿತ್ತು. ಅಂದು ರಾತ್ರಿಯೇ ಉಗ್ರಾಕ್ಷನ ಕಣ್ಣು ತಪ್ಪಿಸಿ ಕೋಟೆಯಿಂದ ಹೊರಬಿದ್ದ.

ಏಳು ದಿನ ನಡೆದು ರಾಜಧಾನಿ ಸೇರಿದ. ಅರಮನೆಯ ಮೊದಲ ಬಾಗಿಲಲ್ಲಿ ಕಬ್ಬಿಣದ ಹುಲಿ ಕೂತಿತ್ತು. ಅದು ಉಗ್ರಾಕ್ಷನ ಹುಲಿ.

"ಯಾರು ಕಳಿಸಿದರು? ಹೆಸರು ಹೇಳು, ಬಿಡುತ್ತೇನೆ," ಎಂದಿತು.

ಹೇಳಿದ ಹೆಸರಿನವನು ಕಲ್ಲಾಗುತ್ತಾನೆಂದು ದುಗ್ಗಣ್ಣನಿಗೆ ಗೊತ್ತಿತ್ತು. "ಹೇಳುವುದಿಲ್ಲ," ಎಂದ.

ಹುಲಿ ಪಂಜವನ್ನು ಅವನ ಎದೆಗೆ ಒತ್ತಿತು. ಉಗುರು ಚರ್ಮ ಸೀಳಿತು. ಸೂರ್ಯ ನೆತ್ತಿಗೆ ಬರುವ ತನಕ ಅದು ಕೇಳುತ್ತಲೇ ಇತ್ತು, ಅವನು ಹಲ್ಲು ಕಚ್ಚಿ ನಿಂತೇ ಇದ್ದ. ಹೆಸರು ಸಿಗದೆ ಹುಲಿಗೆ ತುಕ್ಕು ಹಿಡಿಯಿತು. ಮೊದಲು ಉಗುರು, ಆಮೇಲೆ ಹಲ್ಲು, ಕೊನೆಗೆ ಇಡೀ ಮೈ ಪುಡಿಯಾಗಿ ಉದುರಿತು.

ಎರಡನೆಯ ಬಾಗಿಲಲ್ಲಿ ಕೊಳ. ಅದರಲ್ಲಿ ಬೆಳ್ಳಿಯ ಹಂಸ.

"ಪಾಪ, ದಣಿದಿದ್ದೀಯ. ನೀರಲ್ಲಿ ನೋಡು," ಎಂದಿತು ಹಂಸ.

ನೀರಲ್ಲಿ ಅವನ ಮನೆ ಕಂಡಿತು. ಹೆಂಡತಿ ಚೆಲುವಿ ಜೋಳ ಕೇರುತ್ತಿದ್ದಳು. ಅವಳ ಸೆರಗು ಹಿಡಿದು ಪುಟ್ಟ ಹೆಣ್ಣುಮಗುವೊಂದು ಹೆಜ್ಜೆಯಿಡುತ್ತಿತ್ತು. ತಾನು ಕೋಟೆಗೆ ಬಂದ ಮೇಲೆ ಹುಟ್ಟಿದ ಮಗಳು! ದುಗ್ಗಣ್ಣ ಮೊಣಕಾಲೂರಿ ಬಗ್ಗಿದ.

"ಇಲ್ಲಿಂದಲೇ ಹಿಂದಿರುಗು. ಸಂಜೆಯೊಳಗೆ ಮನೆಯಲ್ಲಿರುತ್ತೀಯ. ಮತ್ತೆ ಯಾರೂ ನಿನ್ನನ್ನು ಕೋಟೆಗೆ ಕರೆಯುವುದಿಲ್ಲ."

ಅವನ ಕಣ್ಣೀರು ಕೊಳಕ್ಕೆ ಬಿತ್ತು. 'ಆಗಲಿ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಉಳಿದವರಿಗೆ?" ಎಂದು ಕೇಳಿದ.

"ನಿನಗೊಬ್ಬನಿಗೆ."

ದುಗ್ಗಣ್ಣ ಮತ್ತೊಮ್ಮೆ ಮಗಳನ್ನು ನೋಡಿದ. ಮುಖ ಸರಿಯಾಗಿ ಕಾಣಲೇ ಇಲ್ಲ. ಎದ್ದು ಕೊಳ ಬಳಸಿಕೊಂಡು ಒಳಗೆ ನಡೆದ.

ಮೂರನೆಯ ಬಾಗಿಲು ರಾಜಸಭೆಯದು. ಸಿಂಹಾಸನದ ಮೇಲೆ ಧವಳಾಂಗ ರಾಜ. ಪಕ್ಕದಲ್ಲಿ, ಮಂತ್ರಬಲದಿಂದ ದುಗ್ಗಣ್ಣನಿಗಿಂತ ಮೊದಲೇ ಬಂದು ಕೂತಿದ್ದ ಉಗ್ರಾಕ್ಷ. ಗೋಡೆಯುದ್ದಕ್ಕೂ ನಲವತ್ತು ಕಾವಲಿನ ಸೈನಿಕರು.

"ಮಂಜುಕೋಟೆಯಿಂದ ಇದುವರೆಗೆ ಒಂದು ದೂರೂ ಬಂದಿಲ್ಲವಲ್ಲ! ಏನು ಬೇಕು ನಿನಗೆ?" ಎಂದ ರಾಜ.

"ಸಂಘ ಕಟ್ಟಲು ಅಪ್ಪಣೆ ಬೇಕು ಮಹಾಪ್ರಭು. ಸೈನಿಕರ ಪರವಾಗಿ ಸೈನಿಕರೇ ಆರಿಸಿದವರು ತಮ್ಮ ಮುಂದೆ ಬಂದು ಮಾತಾಡಬೇಕು."

ಸಭೆಯಲ್ಲಿ ಗುಜುಗುಜು ಎದ್ದಿತು. ರಾಜ ಹುಬ್ಬು ಗಂಟಿಕ್ಕಿದ. "ನಾಳೆ ತೋಳಗಳು ಬಂದಾಗ ಸೈನಿಕರು ಸಭೆ ಕೂಡುತ್ತಾರೋ, ಈಟಿ ಹಿಡಿಯುತ್ತಾರೋ?"

ಉಗ್ರಾಕ್ಷ ಮುಗುಳ್ನಕ್ಕ. "ಒಳ್ಳೆಯ ಪ್ರಶ್ನೆ ಪ್ರಭು. ಎಲ್ಲರ ಪರವಾಗಿ ಅವನೇ ಉತ್ತರ ಕೊಡಲಿ."

ಆ ಪದ ಬಳಸದೆ ಉತ್ತರ ಕೊಡುವಂತಿರಲಿಲ್ಲ. ದುಗ್ಗಣ್ಣನಿಗೆ ಮಾಳಿಂಗನ ತಣ್ಣಗಾದ ಕೈ ನೆನಪಾಯಿತು. ಉಸಿರೆಳೆದುಕೊಂಡು ಬಾಯಿ ತೆರೆದ.

"ನಾವು ಈಟಿ ಹಿಡಿಯುತ್ತೇವೆ ಪ್ರಭು."

ಇನ್ನೂರು ಜನರ ಮಾತು ಹೊತ್ತವನ ಮೇಲೆ ಕಲ್ಲು ಮೆಲ್ಲಗೆ ಏರಿತು. ಮೊದಲು ಅವನ ಪಾದಗಳು ಕಲ್ಲಾದವು.

"ಯುದ್ಧದಲ್ಲಿ ಅಪ್ಪಣೆ ತಮ್ಮದು. ನಾವು ಎದುರಾಡುವುದಿಲ್ಲ." ಮೊಣಕಾಲು ಕಲ್ಲಾಯಿತು. "ಕಾಲು ಕೊಳೆತರೆ, ಜ್ವರ ಬಂದರೆ, ಮನೆಯವರ ಮುಖ ಮರೆತುಹೋದರೆ, ಅದನ್ನು ನಾವು ಹೇಳಬೇಕು. ಬೇರೆ ಯಾರು ಹೇಳುತ್ತಾರೆ?" ಸೊಂಟ ಕಲ್ಲಾಯಿತು.

ರಾಜ ಗಾಬರಿಯಿಂದ ಎದ್ದು ನಿಂತ. "ಇದೇನಿದು? ಉಗ್ರಾಕ್ಷ, ನಿಲ್ಲಿಸು!"

"ನನ್ನ ಕೈ ಮೀರಿತು ಪ್ರಭು," ಎಂದ ಉಗ್ರಾಕ್ಷ.

ಕಲ್ಲು ಎದೆಗೇರಿತು. ದುಗ್ಗಣ್ಣ ಉಸಿರಿಗಾಗಿ ಒದ್ದಾಡಿದ. ಆಗ ಗೋಡೆಯ ಪಕ್ಕದಿಂದ ನಡುಗುವ ದನಿಯೊಂದು ಬಂತು.

"ನಾವೂ ಹಾಗೇ ಪ್ರಭು."

ಸಿಂಗಯ್ಯನೆಂಬ ಕಾವಲಿನ ಸೈನಿಕ ಮಾತಾಡಿದ್ದ. ಅವನ ಪಾದ ಕಲ್ಲಾಗುತ್ತಿದ್ದಂತೆ ದುಗ್ಗಣ್ಣನ ಎದೆಯ ಕಲ್ಲು ಹೊಟ್ಟೆಗಿಳಿಯಿತು. ಅದನ್ನು ಕಂಡ ಪಕ್ಕದವನು ಕಣ್ಣು ಮುಚ್ಚಿಕೊಂಡು, "ನಾವು!" ಎಂದ. ಕಲ್ಲು ಇನ್ನಷ್ಟು ಇಳಿಯಿತು. ಇನ್ನೊಬ್ಬ ಹೇಳಿದ, ಮತ್ತೊಬ್ಬ ಹೇಳಿದ. ನಲವತ್ತು ಜನರೂ ಕೂಗಿದಾಗ ಒಬ್ಬೊಬ್ಬರ ಪಾಲಿಗೆ ಬಂದದ್ದು ಹೆಬ್ಬೆರಳ ಮೇಲಿನ ಒಂದು ಚೂರು. ಕಾಲು ಝಾಡಿಸಿದರು, ಅದೂ ಉದುರಿತು.

ಹೋಗಲು ಜಾಗವಿಲ್ಲದೆ ಮಂತ್ರವು ತನ್ನನ್ನು ಹಾಕಿದವನ ಕಡೆಗೇ ತಿರುಗಿತು. ಉಗ್ರಾಕ್ಷ ಎರಡು ಹೆಜ್ಜೆ ಓಡಿದ. ಮೂರನೆಯ ಹೆಜ್ಜೆ ಎತ್ತಿದಂತೆಯೇ ಕಲ್ಲಾಗಿ ನಿಂತ. ಅದೇ ಗಳಿಗೆಯಲ್ಲಿ ದೂರದ ಮಂಜುಕೋಟೆಯಲ್ಲಿ ಮಾಳಿಂಗ ಕಣ್ಣು ಪಿಳುಕಿಸಿ, ಕುಡಿಯಲು ನೀರು ಕೇಳಿದ.

ಧವಳಾಂಗ ರಾಜ ಸಿಂಹಾಸನದಿಂದ ಇಳಿದುಬಂದ. "ದೂರು ಬರಲಿಲ್ಲವೆಂದು ಸುಮ್ಮನಿದ್ದೆ. ತಪ್ಪು ನನ್ನದೂ ಹೌದು," ಎಂದ. ಸಂಘಕ್ಕೆ ಅಂದೇ ರಾಜಮುದ್ರೆ ಬಿತ್ತು.

ತಿಂಗಳೊಳಗೆ ಕೋಟೆಗೆ ಹೊಸ ಪಾದರಕ್ಷೆಗಳು ಬಂದವು, ವೈದ್ಯ ಬಂದ, ಸರದಿಯ ರಜೆ ಬಂತು. ತೋಳಗಳೂ ಬಂದವು. ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದ ಸೈನಿಕರು ಅವನ್ನು ಜೌಗಿನಾಚೆಗೆ ಅಟ್ಟಿದರು.

ಸಂಘದ ಮೊದಲ ಸಭೆಯಲ್ಲಿ ಮಾತ್ರ ದೊಡ್ಡ ಜಗಳ. ಮೊದಲ ರಜೆ ಹೊಸಬರಿಗೋ ಹಳಬರಿಗೋ ಎಂದು ಇನ್ನೂರು ಜನ ಒಟ್ಟಿಗೇ ಕೂಗಾಡಿದರು. ಬೀರಜ್ಜನಂತೂ ಎದ್ದು ನಿಂತು ಕೋಲು ಕುಟ್ಟಿದ. ಯಾರಿಗೂ ಏನೂ ಆಗಲಿಲ್ಲ. ಕೊನೆಗೆ ಕೈಯೆತ್ತಿಸಿ ಎಣಿಸಿದರು. ಮಗುವಿನ ಮುಖ ನೋಡದವರು ಮೊದಲು ಹೋಗಲಿ ಎಂದು ತೀರ್ಮಾನವಾಯಿತು. ದುಗ್ಗಣ್ಣ ಆ ಮಧ್ಯಾಹ್ನವೇ ಹೊರಟ. ಅವನು ಮನೆ ಸೇರಿದ, ಕೋಟೆಯವರು ಕ್ಷೇಮವಾಗಿದ್ದರು, ಶೃಂಗಾವತಿಯ ಜನರೆಲ್ಲ ನೆಮ್ಮದಿಯಾಗಿ ಬಾಳಿದರು.