ಹೂವಿನ ಹಿಡಿಯ ಬಾಗಿಲು

ಆಯೆಷಾಳ ಮೂಗು ಹೊಸ ಬಾಗಿಲಿಗೆ ಅಂಟಿಕೊಂಡಿತ್ತು. ವಾರ್ನಿಷ್ ವಾಸನೆ ನೇರ ತಲೆಗೆ ಏರುತ್ತಿತ್ತು. ಹಿತ್ತಾಳೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಎಳೆಯುತ್ತಲೇ ಇದ್ದಳು. ಆದರೆ ಬಾಗಿಲು ಒಳಗೆ ತೆರೆದುಕೊಳ್ಳಲು ಜಾಗವೇ ಇರಲಿಲ್ಲ. ಅವಳ ಬೆನ್ನಿಗೆ ಕವನ, ಕವನಳ ಬೆನ್ನಿಗೆ ಉಮೈರ್, ಅವನ ಹಿಂದೆ ನಾಲ್ಕು ಮತ್ತು ಐದನೇ ಕ್ಲಾಸಿನ ಉಳಿದವರೆಲ್ಲ.

"ಹಿಂದೆ ಸರೀರೋ, ಕೈ ಸಿಕ್ಕೊಂಡಿದೆ," ಅಂದಳು. ಕೇಳುವವರು ಯಾರು? ಗಂಟೆ ಬಡಿಯುತ್ತಲೇ ಇತ್ತು.

ಬೆಂಕಿಯೇನೂ ಬಿದ್ದಿರಲಿಲ್ಲ. ಭದ್ರಾವತಿಯ ಆ ಸರ್ಕಾರಿ ಶಾಲೆಯ ಮಹಡಿ ಹಾಲ್ ರಿಪೇರಿಯಾಗಿ ಹೊಸದಾಗಿತ್ತು. ಗುರುವಾರ ಅದನ್ನು ನೋಡಲು ಫೈರ್ ಆಫೀಸರ್ ಬರುವವರಿದ್ದರು. ಅದಕ್ಕೇ ಮೀರಾ ಮಿಸ್ ಮಂಗಳವಾರ ಪ್ರಾಕ್ಟೀಸ್ ಇಟ್ಟಿದ್ದರು. ಗಂಟೆ ನಿಲ್ಲದೆ ಬಡಿದರೆ ಬೆಂಕಿ ಬಿದ್ದಿದೆ ಅಂತ ಅರ್ಥ, ಎಲ್ಲರೂ ಸಾಲಾಗಿ ಹೊರಗೆ ನಡೆಯಬೇಕು ಅಂತ ಹೇಳಿಕೊಟ್ಟಿದ್ದರು. ಅರವತ್ತು ಮಕ್ಕಳು, ಒಂದೇ ಬಾಗಿಲು. ಸಾಲು ಎಲ್ಲಿ ಉಳಿಯುತ್ತದೆ?

ಕೊನೆಗೆ ಮಿಸ್ ಹಿಂದಿನಿಂದ ಒಬ್ಬೊಬ್ಬರನ್ನೇ ಎಳೆದು ಸರಿಸಿದ ಮೇಲೆ ಬಾಗಿಲು ತೆರೆಯಿತು. ಮಕ್ಕಳು ನಗುತ್ತ ಮೆಟ್ಟಿಲಿಳಿದರು. ಮಿಸ್ ನಗಲಿಲ್ಲ. ತಳ್ಳಿದ್ದು ಯಾರು ಅಂತ ಕೇಳಿ, ಎಲ್ಲರಿಗಿಂತ ಎತ್ತರವಿದ್ದ ಉಮೈರ್‌ನನ್ನೇ ಹಿಡಿದರು. ಗುರುವಾರ ಅವನು ಕೆಳಗೆ ಆಫೀಸ್ ರೂಮಿನಲ್ಲಿ ಕೂರಬೇಕು ಅಂದರು.

"ನಾನು ತಳ್ಳಿಲ್ಲ ಮಿಸ್. ನನ್ನನ್ನೇ ತಳ್ಳಿದ್ರು," ಅಂದ ಉಮೈರ್. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಅವನು ಹೇಳಿದ್ದು ನಿಜ ಅಂತ ಆಯೆಷಾಳಿಗೆ ಗೊತ್ತಿತ್ತು. ತಪ್ಪು ಉಮೈರ್‌ನದಲ್ಲ, ಬಾಗಿಲಿನದು. ಅದು ಹೊರಗೆ ತೆರೆಯುವಂತಿದ್ದರೆ ಅಷ್ಟು ಜನ ಒತ್ತಿದಾಗ ತಾನೇ ತೆರೆದುಕೊಳ್ಳುತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಬಾಗಿಲು ಮಾಡಿದ್ದು ಅವಳ ದಾದಾ, ಅಂದರೆ ಅವಳ ಅಪ್ಪನ ಅಪ್ಪ.

ದಾದಾನ ಹೆಸರು ಹಯಾತ್. ಊರಲ್ಲಿ ಅರ್ಧ ಮನೆಗಳ ಬಾಗಿಲು ಅವರದೇ ಕೈಕೆಲಸ. ಕಣ್ಣು ಮಂಜಾಗುತ್ತಿತ್ತು, ಹಾಗಾಗಿ ಶಾಲೆಯ ಬಾಗಿಲೇ ತನ್ನ ಕೊನೆಯ ದೊಡ್ಡ ಕೆಲಸ ಅಂತ ಅವರೇ ಹೇಳಿಕೊಂಡಿದ್ದರು. ಬರೀ ಹಿಡಿ ತರುವುದಕ್ಕೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಗಾಂಧಿ ಬಜಾರಿನ ಅಂಗಡಿ ಅಂಗಡಿ ಅಲೆದು, ಐದೆಸಳಿನ ಹೂವಿರುವ ಹಿತ್ತಾಳೆ ಹಿಡಿ ಆರಿಸಿ ತಂದಿದ್ದರು. ಸಿಕ್ಕವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ಪಕ್ಕದ ಮನೆಯ ಜಯಾ ಆಂಟಿಗಂತೂ ಮೂರು ಸಲ.

ಬಾಗಿಲು ಕೂರಿಸುವ ದಿನ ಆಯೆಷಾ ಅವರಿಗೆ ಟೀ ಕೊಂಡುಹೋಗಿದ್ದಳು. ಇಂಜಿನಿಯರ್ ಕೊಟ್ಟ ಡ್ರಾಯಿಂಗ್ ನೆಲದ ಮೇಲಿತ್ತು. ಅದರಲ್ಲಿ ಬಾಗಿಲು ಹೊರಗಡೆಗೆ ತೆರೆಯುವಂತೆ ಗೆರೆ ಎಳೆದಿದ್ದರು. ದಾದಾ ಅದನ್ನು ನೋಡಿ ನಕ್ಕುಬಿಟ್ಟಿದ್ದರು. ಬಾಗಿಲು ಒಳಗೆ ತೆರೆದರೆ ತಾನೇ ಒಳ್ಳೆಯದು ಒಳಗೆ ಬರುವುದು? ಹಿಂದೂಗಳ ಮನೆಯಲ್ಲಿ ಅದನ್ನು ಲಕ್ಷ್ಮಿ ಅಂತಾರೆ, ನಮ್ಮಲ್ಲಿ ಬರಕತ್ ಅಂತಾರೆ. ಹೆಸರು ಯಾವುದಾದರೇನು, ನಲವತ್ತು ವರ್ಷದಿಂದ ಅವರು ಎರಡನ್ನೂ ಒಳಗೇ ಕರೆದಿದ್ದರು.

"ಇಂಜಿನಿಯರ್ ಇನ್ನೂ ಸಣ್ಣ ಹುಡುಗ. ತಪ್ಪಾಗಿ ಬರ್ದಿದಾನೆ," ಅಂದು ದಾದಾ ತಾವೇ ಸರಿಪಡಿಸಿದರು. ಕಂಟ್ರಾಕ್ಟರ್ ಷಡಕ್ಷರಪ್ಪ ಫೋನಿನಿಂದ ತಲೆಯೆತ್ತದೆ, ನಿಮಗೆ ಗೊತ್ತಿದ್ದ ಹಾಗೆ ಮಾಡಿ ಸಾಬ್ರೇ ಅಂದಿದ್ದರು. ಆಮೇಲೆ ಯಾರೂ ಡ್ರಾಯಿಂಗ್ ತೆಗೆದು ನೋಡಿರಲಿಲ್ಲ.

ಸಂಜೆ ಮನೆಯಲ್ಲಿ ದಾದಾ ಅವಳ ಮಣಿಕಟ್ಟು ನೋಡಿದರು.

"ಇದೇನ್ ಬೇಟಾ, ಕೆಂಪಾಗಿದೆ?"

"ಬೆಂಚ್ ತಾಗ್ತು."

ದಾದಾ ಕನ್ನಡಕ ಹಾಕಿಕೊಂಡು ಅವಳ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚರ್ಮದ ಮೇಲೆ ಒಂದು ಹೂವಿನ ಅಚ್ಚು ಬಿದ್ದಿತ್ತು. ಐದು ಎಸಳು. ಅಂಥ ಬೆಂಚು ಭದ್ರಾವತಿಯಲ್ಲೇ ಇಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಯೆಷಾ ತಲೆ ತಗ್ಗಿಸಿದಳು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಗಂಟೆ, ನೂಕುನುಗ್ಗಲು, ಉಮೈರ್, ಎಲ್ಲ. ಹೇಳುವಾಗ ಅವಳಿಗೆ ಅಳು ಬಂತು. ದಾದಾನ ಮುಖ ನೋಡಲು ಹೆದರಿಕೆಯಾಯಿತು.

"ನೀನು ಎಳೀಲಿಲ್ವಾ?" ಅಂತ ದಾದಾ ಮೆಲ್ಲಗೆ ಕೇಳಿದರು.

"ಎಳ್ದೆ ದಾದಾ. ಬಾಗಿಲು ಬರೋಕೆ ಜಾಗ ಇರ್ಲಿಲ್ಲ."

ದಾದಾ ಎದ್ದು ಮನೆಯ ಮುಂಬಾಗಿಲನ್ನು ಒಮ್ಮೆ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಅಂದು ಅವರು ಅರ್ಧ ರೊಟ್ಟಿಗೇ ಊಟ ಮುಗಿಸಿದರು. ಆಯೆಷಾಳ ಅಜ್ಜಿ ಖುರ್ಷಿದ್ ಬೇಗಂ ಎಷ್ಟು ಕೇಳಿದರೂ ಹಸಿವಿಲ್ಲ ಅಂದರು. ಹೇಳದಿದ್ದರೇ ಚೆನ್ನಾಗಿತ್ತೇನೋ ಅಂತ ಆಯೆಷಾಳಿಗೆ ಅನ್ನಿಸಿತು.

ಬುಧವಾರ ಬೆಳಿಗ್ಗೆ ದಾದಾ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಅವಳ ಜೊತೆಗೇ ಶಾಲೆಗೆ ಹೊರಟರು. ಮಹಡಿಯಲ್ಲಿ ಷಡಕ್ಷರಪ್ಪ ಪೇಂಟ್ ಡಬ್ಬಗಳನ್ನು ಎಣಿಸುತ್ತಿದ್ದರು. ವಿಷಯ ಕೇಳಿ ಅವರ ಮುಖ ಸಪ್ಪಗಾಯಿತು. ಆಫೀಸರ್ ಬಂದರೆ ಬೆಂಕಿ ಆರಿಸೋ ಸಿಲಿಂಡರ್ ನೋಡಿ ಹೋಗುತ್ತಾರೆ, ಬಾಗಿಲು ಯಾವ ಕಡೆ ತೆಗೆಯುತ್ತೆ ಅಂತ ಯಾರು ನೋಡುತ್ತಾರೆ, ಸುಮ್ಮನಿರಿ ಅಂದರು. ನೀವೇ ಅಲ್ಲವೇ ಬರಕತ್ ಒಳಗೆ ಬರಬೇಕು ಅಂದದ್ದು ಅಂತ ನೆನಪಿಸಿದರು.

ದಾದಾ ಆಯೆಷಾಳ ತಲೆಯ ಮೇಲೆ ಕೈ ಇಟ್ಟರು.

"ಬರಕತ್ ಒಳಗೇ ಕೂತಿದೆ, ಷಡಕ್ಷರಪ್ಪನೋರೇ. ಅರವತ್ತು ಮಕ್ಕಳು. ಅವರು ಹೊರಗೆ ಬರ್ಬೇಕಲ್ಲ."

ಷಡಕ್ಷರಪ್ಪ ಕೈಯಲ್ಲಿದ್ದ ಪೇಂಟ್ ಡಬ್ಬ ಕೆಳಗಿಟ್ಟರು. ಆಮೇಲೆ ಶರ್ಟಿನ ತೋಳು ಮಡಚಿ ಬಾಗಿಲಿನ ಒಂದು ಕದ ಹಿಡಿದುಕೊಂಡರು.

ಆಯೆಷಾ ನೇರ ಮೀರಾ ಮಿಸ್ ಹತ್ತಿರ ಹೋದಳು. ಉಮೈರ್ ತಳ್ಳಲಿಲ್ಲ, ಬಾಗಿಲೇ ತಿರುಗುಮುರುಗಾಗಿತ್ತು, ಅದನ್ನು ಹಾಕಿದ್ದು ನಮ್ಮ ದಾದಾ ಅಂತ ಒಂದೇ ಉಸಿರಿಗೆ ಹೇಳಿದಳು. ಮಿಸ್ ಮಹಡಿ ಹತ್ತಿ ನೋಡಿ ಬಂದರು. ಬಂದವರೇ ಉಮೈರ್‌ನನ್ನು ಕರೆದು ಎಲ್ಲರೆದುರು ಸಾರಿ ಅಂದರು. ಉಮೈರ್ ಎಷ್ಟು ನಾಚಿಕೊಂಡ ಅಂದರೆ, ಅದಕ್ಕಿಂತ ಬೈಸಿಕೊಳ್ಳುವುದೇ ಸುಲಭ ಅನ್ನುವ ಹಾಗಿತ್ತು ಅವನ ಮುಖ.

ಇಡೀ ದಿನ ಮೇಲಿನಿಂದ ಉಳಿಯ ಸದ್ದು ಕೇಳುತ್ತಿತ್ತು. ದಾದಾ ಎರಡೂ ಕದ ಬಿಚ್ಚಿದರು. ಚೌಕಟ್ಟಿನಲ್ಲಿ ಮೊದಲು ಕೀಲುಗಳು ಕೂತಿದ್ದ ಆರು ಗುಳಿಗಳಿಗೆ ಮರದ ಚೂರು ಬಡಿದು ತುಂಬಿದರು. ಹೊರಬದಿಗೆ ಹೊಸ ಗುಳಿ ಕೊರೆದು ಕದಗಳನ್ನು ಮತ್ತೆ ಕೂರಿಸಿದರು.

ಗುರುವಾರ ಆಫೀಸರ್ ಬಂದರು. ಸಿಲಿಂಡರ್ ನೋಡಿದರು. ಆಮೇಲೆ ಬಾಗಿಲನ್ನೂ ನೋಡಿದರು. ಚೌಕಟ್ಟಿನ ಮೇಲೆ ಬೆಳ್ಳಗೆ ಕಾಣುತ್ತಿದ್ದ ಚೂರುಗಳನ್ನು ಮುಟ್ಟಿ, ಇದೇನು ತೇಪೆ ಅಂತ ಕೇಳಿದರು. ಷಡಕ್ಷರಪ್ಪ ಕೆಮ್ಮಿದರು.

"ಮೊದ್ಲು ಒಳಗೆ ತೆಗೆಯೋ ಹಾಗೆ ಹಾಕಿದ್ದೆ ಸಾರ್," ಅಂದರು ದಾದಾ. "ಡ್ರಾಯಿಂಗ್ ಸರಿ ಇತ್ತು. ತಪ್ಪು ನಂದು."

ಕ್ಲಾಸಿಗೆ ಕ್ಲಾಸೇ ಕೇಳಿಸಿಕೊಳ್ಳುತ್ತಿತ್ತು. ಆಯೆಷಾಳ ಕಿವಿ ಬಿಸಿಯಾಯಿತು. ಆಫೀಸರ್ ಏನೋ ಬರೆದುಕೊಂಡು, ಗಂಟೆ ಬಡಿಯಲು ಹೇಳಿದರು.

ಈ ಸಲವೂ ಸಾಲು ಉಳಿಯಲಿಲ್ಲ. ಆಯೆಷಾ ಅಂಗೈಯಿಂದ ತಳ್ಳಿದಳು, ಬಾಗಿಲು ಹೊರಗೆ ಹೋಯಿತು, ಅದರ ಹಿಂದೆ ಅವಳೂ ಹೋದಳು. ಅರವತ್ತೂ ಮಕ್ಕಳು ಅಂಗಳಕ್ಕೆ ಇಳಿದಾಗ ಗಂಟೆ ಇನ್ನೂ ಬಡಿಯುತ್ತಿತ್ತು. ಮೇಲೆ ನೋಡಿದರೆ, ದಾದಾ ಕದಕ್ಕೆ ಒರಗಿ ನಿಂತಿದ್ದರು.

ಸೋಮವಾರದ ಹೊತ್ತಿಗೆ ತೇಪೆಗಳ ಮೇಲೆ ಬಣ್ಣ ಬಿದ್ದಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಬೆರಳಾಡಿಸಿದರೆ ಆರೂ ಕಡೆ ಗೊತ್ತಾಗುತ್ತಿತ್ತು. ಆಯೆಷಾಳ ಮಣಿಕಟ್ಟಿನ ಹೂ ಮಾತ್ರ ಪೂರ್ತಿ ಅಳಿಸಿಹೋಗಿತ್ತು.

"ಏನ್ ಮಾಡ್ತಿದೀಯ ಮಾರಾಯ್ತಿ, ಬಾ," ಅಂತ ಕವನ ಒಳಗಿನಿಂದ ಕರೆದಳು.

"ನೋಡ್ತಿದೀನಿ. ಇದು ನಮ್ಮ ದಾದಾ ಮಾಡಿದ ಬಾಗಿಲು," ಅಂದಳು ಆಯೆಷಾ. "ಎರಡು ಸಲ."