ಕೌತಾಳಂ ದಿಬ್ಬದ ಚುಕ್ಕೆ

ಸೈನ್ಯದ ರಾಡಾರ್ ವಿಮಾನಗಳನ್ನು ಎಷ್ಟು ದೂರದಿಂದ ಹಿಡಿಯುತ್ತದೆಂದು ಕಂಪ್ಯೂಟರಿನಲ್ಲೇ ಪರೀಕ್ಷಿಸುವುದು ನನ್ನ ಕೆಲಸ. ಪರದೆಯ ಮೇಲೆ ನೆಲ, ವಿಮಾನ ಎಲ್ಲವನ್ನೂ ನಾವೇ ಇಡುತ್ತೇವೆ. ಇಡದೆ ಇದ್ದದ್ದು ಕಾಣುವುದಿಲ್ಲ. ಪರಿಚಯದ ನೆಲವೆಂದು ಕೌತಾಳಂನಿಂದ ನಮ್ಮೂರು ಆದೋನಿಯವರೆಗಿನ ನಕ್ಷೆ ಹಾಕಿಕೊಂಡಿದ್ದೆ. ಕೌತಾಳಂ ಹತ್ತಿರದ ದಿಬ್ಬವೊಂದರ ಮೇಲೆ ನಾನು ಇಡದ ಚುಕ್ಕೆ ಕಂಡಿತು. ಅಳಿಸಿದೆ. ಪ್ರತಿಸಲವೂ ಅಲ್ಲೇ ಬಂತು, ಅಲುಗದೆ.

ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ದಿಬ್ಬ ಹತ್ತಿದೆ. ಮೇಲೊಂದು ಕಲ್ಲುಗುಪ್ಪೆ. ಆ ಬಿಸಿಲಲ್ಲೂ ಕಲ್ಲುಗಳು ತಣ್ಣಗಿದ್ದವು. ಅಲ್ಲೇ ಕುರಿ ಮೇಯಿಸುತ್ತಿದ್ದ ಸುಂಕಮ್ಮ ಹೇಳಿದಳು:

“ನಮ್ಮ ತಮ್ಮ ಉಚ್ಚೀರಪ್ಪ ಇಲ್ಲೇ ಸಿಡಿಲು ಬಡದು ಸತ್ತಾನ್ರಿ. ಬಂದೋರು ಒಂದು ಕಲ್ಲು ಹಾಕಿ ಹೋಗ್ಬೇಕು. ಇಲ್ಲಾಂದ್ರ ಬೆನ್ನಿಗೇ ಬರ್ತಾನ.”

ಅಳೆಯುವ ಜಾಗವನ್ನು ಬದಲಿಸಬಾರದೆಂಬುದು ನಮ್ಮ ಕಸುಬಿನ ಅಭ್ಯಾಸ. ಹಾಕಲಿಲ್ಲ.

ಆದೋನಿಗೆ ಮರಳುವಾಗ ಬಸ್ಸು ಒಂದು ತಿರುವಿನಲ್ಲಿ ಪಂಕ್ಚರ್ ಆಗಿ ಇಪ್ಪತ್ತು ನಿಮಿಷ ನಿಂತಿತು.

ರಜೆ ಮುಗಿದ ಮೇಲೆ ಆದೋನಿಯಿಂದ ರೈಲು ಹಿಡಿದು ಕೆಲಸಕ್ಕೆ ಮರಳಿ ಮತ್ತೆ ಪರೀಕ್ಷೆ ನಡೆಸಿದೆ. ಚುಕ್ಕೆ ದಿಬ್ಬ ಇಳಿದು ಆದೋನಿ ರಸ್ತೆ ಹಿಡಿಯಿತು. ಅದೇ ತಿರುವಿನಲ್ಲಿ ಇಪ್ಪತ್ತು ನಿಮಿಷ ನಿಂತಿತು. ಪಂಕ್ಚರಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ನಕ್ಷೆ ಆದೋನಿಯಲ್ಲಿ ಮುಗಿಯುತ್ತದೆ. ಚುಕ್ಕೆ ಅಲ್ಲಿ ನಿಲ್ಲಲಿಲ್ಲ.