ಮೂರನೇ ಪ್ರಶ್ನೆ

ಬೋರ್ಡಿನ ಮೇಲೆ x⁴ + x² + 1 ಎಂದು ಬರೆದು, ಕೆಳಗೆ 'ಇದು ಅಪವರ್ತನಗಳಾಗಿ ಒಡೆಯುವುದಿಲ್ಲ' ಎಂದು ಸೇರಿಸಿ, ಎರಡು ಗೆರೆ ಎಳೆದು ಹೋಗಿದ್ದ ರಾಮಲಿಂಗ. ಮುಂದಿನ ತಾಸಿಗೆ ಬಂದ ಬಸವೇಶ್ವರಿ ಡಸ್ಟರ್ ಎತ್ತಿದವಳು ಹಾಗೆಯೇ ನಿಂತಳು.

"ಯಾರು ಹೇಳಿದ್ರು ಒಡಿಯೂದಿಲ್ಲಂತ?"

"ರಾಮಲಿಂಗ ಸರ್ ಹೇಳ್ಯಾರ್ರಿ," ಎಂದಳು ಮುಂದಿನ ಬೆಂಚಿನ ಪಂಚಶೀಲಾ. "ಅಳಸಬ್ಯಾಡ್ರಿ, ಮೇಡಂ ನೋಡ್ಲಿ ಅಂದಾರ್ರಿ."

ಕ್ಲಾಸಿಗೆ ಕ್ಲಾಸೇ ಕಿಸಕ್ಕೆಂದಿತು. ಬಸವೇಶ್ವರಿಯ ಕಿವಿ ಬಿಸಿಯಾಯಿತು. ತೋರಿಸಲು ಈ ಮನುಷ್ಯನಿಗೆ ತಪ್ಪು ಲೆಕ್ಕವೇ ಸಿಗಬೇಕೆ!

ಶಹಾಪುರದ ಈ ಕಾಲೇಜಿನಲ್ಲಿ ಇಬ್ಬರೂ ಎರಡು ವರ್ಷದಿಂದ ಗೆಸ್ಟ್ ಲೆಕ್ಚರರ್‌ಗಳು. ಅವಳು ಸುರಪುರದಿಂದ ಬರುತ್ತಾಳೆ, ಅವನು ಭೀಮರಾಯನಗುಡಿಯಿಂದ. ದಿನಾ ಮುಂಜಾನೆ ಅವನದೊಂದು ಪ್ರಶ್ನೆ: "ಬಸ್ ಸಿಕ್ತೇನ್ರಿ?" ಮಧ್ಯಾಹ್ನ ಇನ್ನೊಂದು: "ಊಟ ಆತೇನ್ರಿ?" ಕೇಳುವಾಗ ಅವನ ಕಣ್ಣು ಅವಳ ಝುಮಕಿಯವರೆಗೆ ಬಂದು, ಅಲ್ಲಿಂದ ಗೋಡೆಯ ಗಡಿಯಾರಕ್ಕೆ ಓಡಿಹೋಗುತ್ತದೆ. ಮತ್ತೇನೋ ಕೇಳುವವನಂತೆ ಗಂಟಲಮಣಿ ಒಮ್ಮೆ ಏರಿ, ಇಳಿಯುತ್ತದೆ. ಅಷ್ಟೇ.

ಅವಳ ಅವ್ವ ಮರಿಲಿಂಗಮ್ಮ ತ್ರಿಪದಿ ಹಾಡುವವಳು. ಮೂರು ಸಾಲಿನ ಪದ. ಎರಡು ಸಾಲಿಗೆ ನಿಲ್ಲಿಸಿದರೆ ಕೇಳುವವರ ಉಸಿರೂ ಅಲ್ಲೇ ನಿಲ್ಲುತ್ತದೆ. ಈತ ಎರಡು ವರ್ಷದಿಂದ ಅವಳ ಉಸಿರು ಹಿಡಿದು ಕುಳಿತಿದ್ದಾನೆ. ಶಿವನೇ, ಇಂಥವನಿಗೂ ಒಂದು ಬಾಯಿ ಕೊಟ್ಟೆಯಲ್ಲ!

ಈಗ ಕಾಯಲು ಸಮಯವೂ ಉಳಿದಿರಲಿಲ್ಲ. ರವಿವಾರ ಹುಣಸಗಿಯಿಂದ ಅವಳನ್ನು ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಅಂದೇ ಬಾಯಿಗೆ ಸಕ್ಕರೆ ಹಾಕಿ ಮಾತು ಗಟ್ಟಿ ಮಾಡುವುದೆಂದಾಗಿತ್ತು. ಅದನ್ನು ಅವಳು ಸೋಮವಾರವೇ ಅವನ ಕಿವಿಗೆ ಹಾಕಿದ್ದಳು, ಬೇಕೆಂದೇ. ಅವನ ಮುಖ ಸುಣ್ಣದಂತಾಯಿತು. ಗಡಿಯಾರ ನೋಡುತ್ತ ಅಂದಿದ್ದ: "ಛಲೋ ಆತು ಬಿಡ್ರಿ. ಅವರಿಗೆ ಬಸ್ ಸಿಗ್ತದೇನ್ರಿ?"

ಆ ಮಾತಿನ ಸಿಟ್ಟು ಶುಕ್ರವಾರವಾದರೂ ಆರಿರಲಿಲ್ಲ.

ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಅವನೆದುರು ನಿಂತಳು. "ಸರ್, ಅದು ಒಡೀತದ."

"ಸಾಧ್ಯನ ಇಲ್ರಿ ಮೇಡಂ." ಅವನು ಗಡಿಯಾರಕ್ಕೆ ಪಾಠ ಹೇಳುವವನಂತೆ ಶುರುಮಾಡಿದ. "ನಮ್ಮ ಫೀಲ್ಡ್ ಅಂದ್ರ ಅಂಕಿಗಳ ಮನಿ, ಅದರಾಗ ಇರೂದು ಸೊನ್ನೆ ಮತ್ತ ಒಂದು, ಎರಡ ಅಂಕಿ. ಒಂದಕ್ಕ ಒಂದು ಕೂಡಿಸಿದ್ರ ಸೊನ್ನೆ. x ಜಾಗಾದಾಗ ಸೊನ್ನೆ ಇಟ್ಟು ಕೇಳಿದೆ, ಉತ್ತರ ಸೊನ್ನೆ ಬರಲಿಲ್ಲ. ಒಂದು ಇಟ್ಟು ಕೇಳಿದೆ, ಆಗೂ ಬರಲಿಲ್ಲ. ರೂಟ್ ಇಲ್ಲ. ಅಂದ್ರ ಇರ್ರಿಡ್ಯೂಸಿಬಲ್, ಒಡಿಯೂದಿಲ್ಲ. ಮುಗೀತು."

"ಎರಡ ಪ್ರಶ್ನೆ ಕೇಳಿ ಮುಗಿಸಿಬಿಟ್ರಿ?"

"ಕೇಳಾಕ ಇನ್ನೇನದರಿ?"

"ಇನ್ನೇನದ ಅಂತ ನನ್ನ ಕೇಳ್ತೀರಿ?" ಡಬ್ಬಿಯ ಮುಚ್ಚಳ ಅವಳ ಕೈಯಲ್ಲಿ ಟಣ್ಣೆಂದಿತು. "ನಾಕನೇ ಡಿಗ್ರಿ ಅಂದ್ರ ಒಂದು-ಮೂರಾಗಿನ ಒಡೀಬೇಕೇನು? ಎರಡು-ಎರಡಾಗಿ ಒಡೀಬಾರದೇನು? ನಾಳೆ ಆ ಹುಡುಗ್ರು ಇದರ ಮ್ಯಾಲ ಹದಿನಾರು ಅಂಕಿಯ ಫೀಲ್ಡ್ ಕಟ್ಟಾಕ ಹೋಗ್ತಾರ. ಬಿರುಕು ಬಿಟ್ಟ ಬುನಾದಿ ಮ್ಯಾಲ ಗ್ವಾಡಿ ಎಬ್ಬಿಸಿದಂಗ. ಮೂರನೇ ಪ್ರಶ್ನೆ ಕೇಳೂ ಮಂದಿನ ಅಲ್ರಿ ನೀವು!"

ಅವನ ಕಣ್ಣು ಝುಮಕಿಗೆ ಬಂತು. ಗಡಿಯಾರಕ್ಕೆ ಹೋಗದೆ, ಒಂದು ಕ್ಷಣ, ಅವಳ ಕಣ್ಣಿಗೇ ಬಂತು.  ಈಗ ಕೇಳುತ್ತಾನೆ. ಈಗ.

"ಮೇಡಂ... ಊಟ..."

"ಆಗಿಲ್ಲ! ಆಗೂದೂ ಇಲ್ಲ!" ಡಬ್ಬಿ ಮುಚ್ಚಿಕೊಂಡು ಹೊರಟೇಬಿಟ್ಟಳು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸು ಗುರುಗುಡುತ್ತ ನಿಂತಿತ್ತು. ಕಿಟಕಿಯ ಪಕ್ಕ ಬಸವೇಶ್ವರಿ, ಅವಳ ಬದಿಗೆ ಎಲೆ-ಅಡಿಕೆ ಮೆಲ್ಲುವ ಒಬ್ಬ ಅಜ್ಜಿ. ಅತ್ತಲಿಂದ ಓಡಿ ಬಂದವನು ರಾಮಲಿಂಗ. ಅಂಗಿಯ ತುಂಬ ಸೀಮೆಸುಣ್ಣ, ಹುಬ್ಬಿನ ಮೇಲೂ.

"ಮೇಡಂ, ಒಡೀತದ್ರಿ!"

ಬಸ್ಸಿನ ಅರ್ಧ ಮಂದಿ ತಿರುಗಿ ನೋಡಿದರು.

"x² + x + 1. ಎರಡನೇ ಡಿಗ್ರಿಯಾಗ ಒಡೀಲಾರದ್ದು ಅದೊಂದ ಇರೂದು. ಅದರಿಂದ ಭಾಗಿಸಿ ನೋಡಿದೆ. ಒಳಗ ಅದ ಎರಡು ಸಲ ಅದರಿ! ಒಂದ ಥರದ್ದು ಎರಡು, ಒಂದಕ್ಕೊಂದು ಹತ್ತಿಕೊಂಡು, ಹೊರಗ ಗಟ್ಟಿ ಇದ್ದಂಗ ಸುಮ್ಮ ಕುಂತಾವ."

"ಎರಡೂ ಬಾಯಿ ಬಿಡಲಾರದವು," ಎಂದಳು ಬಸವೇಶ್ವರಿ, ಹೊರಗೆ ಎಲ್ಲೋ ನೋಡುತ್ತ. "ಒಡದದ್ದಾತು. ಇನ್ನ ಕಟ್ಟೂದು ಯಾವುದರಿಂದ?"

"x⁴ + x + 1 ತಗೊಂಡೀನ್ರಿ. ಮೊದಲಿನ ಎರಡೂ ಪ್ರಶ್ನೆ ಕೇಳಿದೆ. ಮೂರನೇದೂ ಕೇಳಿದೆ, ಭಾಗಿಸಿದ್ರ ಒಂದು ಉಳೀತದ. ಇದು ಖರೇನ ಒಡಿಯೂದಿಲ್ಲ. ಇದರ ಮ್ಯಾಲ ಕಟ್ಟಬಹುದು."

"ಅದಕ್ಕ ಕೇಳಿದ್ರಿ."

"ಹೂಂರಿ."

"ಲೆಕ್ಕಕ್ಕ ಕೇಳಿದ್ರಿ, ಮೂರನೇ ಪ್ರಶ್ನೆ."

 ಕಂಡಕ್ಟರ್ ಸೀಟಿ ಊದಿದ. ಕಿಟಕಿಯ ಸರಳು ಹಿಡಿದ ಬೆರಳುಗಳ ಸುಣ್ಣ ಅವಳ ದುಪಟ್ಟಾದ ಅಂಚಿಗೆ ಹತ್ತಿತು. ಗಂಟಲಮಣಿ ಮೆಲ್ಲಗೆ ಏರಿತು. ಅವಳು ಅದನ್ನೇ ನೋಡುತ್ತಿದ್ದಳು. ಇಳಿಯಬೇಡ, ಇವತ್ತೊಂದು ದಿನ ಇಳಿಯಬೇಡ.

"ಬಸವೇಶ್ವರಿ..." ಮೇಡಂ ಎನ್ನಲಿಲ್ಲ ಅವನು. "ರವಿವಾರ ಅವರು ಬರೂದ್ರಾಗ... ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗಿ ನಾ ಬರ್ಲೇನ್ರಿ? ನಿಮ್ಮನ್ನ ಕೇಳಾಕ?"

ಎರಡು ವರ್ಷದಿಂದ ಹಿಡಿದ ಉಸಿರು ಒಮ್ಮೆಲೇ ಹೊರಬಂತು. ಅದರ ಜೊತೆಗೆ ಕಣ್ಣೀರೂ, ಅದರ ಜೊತೆಗೆ ಸಿಟ್ಟೂ.

"ಇಷ್ಟು ಕೇಳಾಕ ಎರಡು ವರ್ಷ ಬೇಕಾತೇನ್ರಿ ನಿಮಗ? ಇಲ್ಲಿ ನನ್ನ ಜೀವ ಬಾಯಿಗಿ ಬಂದದ! ರವಿವಾರದ ತನಕ ಯಾಕ ಕಾಯ್ತೀರಿ? ನಾಳೆ ಬರ್ರಿ. ಅವ್ವಗ ನಾ ಇವತ್ತ ಹೇಳ್ತೀನಿ. ಸಕ್ಕರಿ ನಮ್ಮ ಮನ್ಯಾಗ ಅದ."

ಬಸ್ಸು ಹೊರಟಿತು. ಅವನು ಸರಳು ಬಿಡದೆ ಜೊತೆಗೇ ನಾಲ್ಕು ಹೆಜ್ಜೆ ಓಡಿದ. ಮುಖದ ತುಂಬ ನಗು, ಹುಬ್ಬಿನ ತುಂಬ ಸುಣ್ಣ.

"ನಾಳೆ ಮುಂಜಾನೆನ ಬರ್ತೀವ್ರಿ! ಸುರಪುರಕ್ಕ ಮುಂಜಾನಿ..."

"ಬಸ್ ಸಿಗ್ತದೇನಂತ ಕೇಳಿದ್ರ ನೋಡ್ರಿ ಮತ್ತ!"

ಕಿಟಕಿಯ ಗಾಜು ಸರ್‍ರನೆ ಎಳೆದಳು. ಎಳೆದ ಮೇಲೆ, ಅವನಿಗೆ ಕಾಣದಂತೆ, ದುಪಟ್ಟಾದಲ್ಲಿ ಮುಖ ಹುದುಗಿಸಿ ನಕ್ಕಳು. ಅಂಚಿನ ಸುಣ್ಣ ಕೆನ್ನೆಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.

ಪಕ್ಕದ ಅಜ್ಜಿ ಬಾಯೊಳಗಿನ ಎಲೆ ಒಂದು ಬದಿಗೆ ಸರಿಸಿ ಕೇಳಿದಳು: "ಯಾರವ್ವಾ ಅಂವಾ?"

"ಲೆಕ್ಕದ ಮಾಸ್ತರ್ರು, ಆಯಿ." ಬಸವೇಶ್ವರಿ ಕಣ್ಣೊರೆಸಿಕೊಂಡು ನಿಟ್ಟುಸಿರಿಟ್ಟಳು. "ಲೆಕ್ಕದಾಗ ಭಾಳ ನಿಧಾನ ಅದಾರ."